ಅಮ್ಮ ಸುಳಿ ನೋಡಿದ ಕುದುರೆ

ಕುದುರೆಯನ್ನು ಲೀಸಿಗೆ ತೆಗೆದುಕೊಳ್ಳುತ್ತೇನೆ ಎಂದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಸುಳಿ ನೋಡಿದೀಯಾ?"

ಮೆಡೋವೇಲ್‌ನ ಆಫೀಸು ಮುಗಿಸಿ ನಾನು ಒಂದು ಸವಾರಿ ಶಾಲೆಗೆ ಕಲಿಯಲು ಹೋಗುತ್ತಿದ್ದುದು ಅವಳಿಗೆ ಗೊತ್ತಿತ್ತು. ಅಲ್ಲಿನ ಕುದುರೆಗಳು ಗಂಟೆಗೊಬ್ಬರನ್ನು ಹೊತ್ತು ಬೇಸತ್ತಿರುತ್ತಿದ್ದವು. ನನಗೆ ಒಂದೇ ಕುದುರೆಯನ್ನು ಚೆನ್ನಾಗಿ ಅರಿಯಬೇಕಿತ್ತು. ಮಾರ್ಕಮ್ ಪಟ್ಟಣ ದಾಟಿ, ಮನೆಗಳು ಮುಗಿದು ಮುಸುಕಿನ ಜೋಳದ ಹೊಲಗಳು ಶುರುವಾಗುವಲ್ಲಿ ಅದು ಸಿಕ್ಕಿತು: ಕೆಂಗಂದು ಬಣ್ಣದ ಹೆಣ್ಣು ಕ್ವಾರ್ಟರ್ ಹಾರ್ಸ್. ಗಿಡ್ಡ, ದಪ್ಪ ತೊಡೆಯ, ತಾಳ್ಮೆಯ ತಳಿ. ವಾರಕ್ಕೆ ಮೂರು ದಿನ ನನಗೆ, ಉಳಿದ ದಿನ ಒಡತಿಗೆ. ಎರಡು ಸಲ ಏರಿ ನೋಡಿದ್ದೆ. ಇನ್ನೊಮ್ಮೆ ಏರಿ ಸಹಿ ಹಾಕುವುದಷ್ಟೇ ಬಾಕಿ. ಆ ಬೆಳಿಗ್ಗೆ ಅಮ್ಮ ನನಗಿಂತ ಮೊದಲೇ ಕಾರಿನಲ್ಲಿ ಕೂತಿದ್ದಳು.

"ಇದು ಲೀಸ್ ಅಮ್ಮ, ಮದುವೆ ಅಲ್ಲ."

"ಮದುವೆಗಾದ್ರೆ ಜಾತಕ ಇರತ್ತೆ. ಇದಕ್ಕೆ ಸುಳಿನೇ ಜಾತಕ. ಕೂದಲು ಎಲ್ಲೆಲ್ಲಿ ತಿರುಗಿದೆ ಅಂತ ನೋಡ್ಬೇಕು. ಕೆಟ್ಟ ಸುಳಿ ಇದ್ರೆ ಏರ್ದೋರಿಗೆ ಆಗಿಬರಲ್ಲ."

"ನೀನು ಯಾವತ್ತು ಕುದುರೆ ಹತ್ತಿರ ಹೋಗಿದೀಯ?"

"ಮೈಸೂರಲ್ಲಿ ಸ್ಕೂಲಿಗೆ ಟಾಂಗಾದಲ್ಲೇ ಹೋಗಿದ್ದು ಕಣೇ. ಆದ್ರೆ ಕಾಣ್ತಿದ್ದಿದ್ದು ಬರೀ ಹಿಂಭಾಗ."

ಹಿಂದಿನ ಎರಡು ಸಲದಂತೆಯೇ ಕುದುರೆ ಜೀನು ಕಟ್ಟಿಸಿಕೊಂಡು ಸಿದ್ಧವಾಗಿ ನಿಂತಿತ್ತು. ಅಮ್ಮ ಹಣೆಯ ಮೇಲಿನ ಕೂದಲನ್ನು ಎತ್ತಿ ನೋಡಿದಳು, ಕತ್ತು ಸವರಿದಳು. "ಈಗ ಬೆನ್ನು. ಅದನ್ನ ತೆಗ್ಸೇ, ಕಾಣಲ್ಲ."

ಅಮ್ಮನಿಗೆ ಬೆನ್ನು ನೋಡಬೇಕಂತೆ ಎಂದು ಒಡತಿಗೆ ಹೇಳಿದೆ. ಯಾಕೆಂದು ಹೇಳಲಿಲ್ಲ. ನಿಮ್ಮ ತಾಯಿಗೆ ಕುದುರೆಗಳ ಅನುಭವ ಇದ್ದ ಹಾಗಿದೆ ಎಂದು ಆಕೆ ಸ್ವಲ್ಪ ಬಿಗಿಯಾಗಿಯೇ ಅಂದು ಜೀನು ಇಳಿಸಿದಳು.

ನನ್ನ ತಲೆಯಲ್ಲಿ ಹೇನು ಹುಡುಕುತ್ತಿದ್ದ ಹಾಗೆ ಅಮ್ಮ ಕೂದಲು ಬಿಡಿಸುತ್ತಾ ಹೋದಳು. ಕತ್ತು ಮುಗಿದು ಬೆನ್ನು ಶುರುವಾಗುವ ಜಾಗದಲ್ಲಿ ಬೆರಳು ತಾಗಿದ್ದೇ ಕುದುರೆಯ ಕಿವಿ ಹಿಂದಕ್ಕೆ ಹೋಯಿತು, ಬೆನ್ನು ಕೆಳಗೆ ಕುಸಿಯಿತು.

"ಅಯ್ಯೋ, ನಾನೇನೂ ಮಾಡ್ಲಿಲ್ಲಪ್ಪ!"

ಅದೇ ಜಾಗವನ್ನು ನಾನು ಮೆಲ್ಲಗೆ ಒತ್ತಿದೆ. ಮತ್ತೆ ಕುಸಿಯಿತು. ಜೀನು ಅದಕ್ಕೆ ಹೊಂದುತ್ತಿರಲಿಲ್ಲ. ಅಲ್ಲಿ ಒತ್ತಿ ಒತ್ತಿ ನೋವಾಗಿತ್ತು.

ಕೈ ತಣ್ಣಗಿತ್ತೇನೋ ಎಂದಳು ಒಡತಿ. ಮಧ್ಯಾಹ್ನ ಇನ್ನೊಂದು ಕುಟುಂಬ ನೋಡಲು ಬರುತ್ತದೆ, ಈಗ ಏರಿ ತೀರ್ಮಾನ ಹೇಳಿದರೆ ಒಳ್ಳೆಯದು ಎಂದೂ ಸೇರಿಸಿದಳು.

ಬೇಡ ಎಂದರೆ ಅದು ಬೇರೆಯವರ ಪಾಲಾಗುತ್ತಿತ್ತು. ಏರಿದರೆ ಆ ನೋವಿನ ಮೇಲೆ ನಾನೇ ಕೂರಬೇಕಿತ್ತು.

"ಇವತ್ತು ನಾನು ಏರುವುದಿಲ್ಲ," ಎಂದೆ. "ಆದರೆ ಲೀಸು ಇವತ್ತಿನಿಂದಲೇ ಶುರುವಾಗಲಿ. ವೈದ್ಯರು ನೋಡಿ ಬೆನ್ನು ವಾಸಿಯಾಗಿದೆ ಎನ್ನುವವರೆಗೆ ನಾನೂ ಏರುವುದಿಲ್ಲ, ನೀವೂ ಏರಬಾರದು. ನನ್ನ ದಿನಗಳಲ್ಲಿ ಬಂದು ನಡೆಸುತ್ತೇನೆ, ಮೈ ಉಜ್ಜುತ್ತೇನೆ. ಆಮೇಲೆ ಬೇರೆ ಜೀನು."

"ಏರದ ಕುದುರೆಗೆ ಲೀಸೇ?" ಎಂದಳು ಒಡತಿ.

"ಹೌದು. ಬೇಡವಾದರೆ, ಮಧ್ಯಾಹ್ನ ಬರುವವರಿಗೂ ದಯವಿಟ್ಟು ಬೆನ್ನು ತೋರಿಸಿ."

ದನಿ ಏರಿಸಲಿಲ್ಲ. ನನಗೆ ಅದು ಬರುವುದೂ ಇಲ್ಲ. ಒಡತಿ ಕುದುರೆಯ ಬೆನ್ನಿನ ಮೇಲೆ ತಾನೂ ಕೈಯಿಟ್ಟು ನೋಡಿದಳು. ಬೆನ್ನು ಮತ್ತೆ ಕುಸಿಯಿತು. ಆಮೇಲೆ ಜೀನನ್ನು ಒಳಗೆ ಒಯ್ದಿಟ್ಟು ಬಂದು, ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟಳು.

ಬೇಲಿಯುದ್ದಕ್ಕೂ ಹೋಗಿ ಬಂದೆವು. ಕುದುರೆ ನನ್ನ ಭುಜದ ಪಕ್ಕದಲ್ಲೇ ನಡೆಯಿತು. ಅಮ್ಮ ಬೇಲಿಯಾಚೆ, ಕೈಚೀಲ ಎದೆಗವಚಿಕೊಂಡು, ನಮ್ಮ ಜೊತೆಗೇ ಹೆಜ್ಜೆ ಹಾಕಿದಳು.

ವಾಪಸು ಬರುವಾಗ ಹೈವೇ ಹತ್ತಿದ ಮೇಲೆ ಅಂದಳು: "ಹಣೆ ಮೇಲೆ ಎರಡು ಸುಳಿ ಇತ್ತು. ಒಂದರ ಮೇಲೊಂದು."

"ಒಳ್ಳೇದಾ, ಕೆಟ್ಟದ್ದಾ?"

ಅವಳು ಕಿಟಕಿಯಾಚೆ ನೋಡಿದಳು. "ಕೆಟ್ಟದ್ದಾದ್ರೂ ಏರ್ದೋರಿಗೆ ತಾನೇ ಆಗೋದು. ನಡೆಸೋರಿಗೆ ಏನೂ ಆಗಲ್ಲ ಬಿಡು."

"ವಾಸಿ ಆದ್ಮೇಲೆ ಏರ್ತೀನಿ ಅಮ್ಮ."

"ಗೊತ್ತು," ಎಂದಳು. "ನೀನು ಅದರ ಜೊತೆ ನಡೆದಿದ್ದು ನೋಡ್ದೆನಲ್ಲ."