ಬೈಂಡಿಂಗ್ ಕಾಕಾ ಮತ್ತು ಉಪ್ಪಿನ ಕೋಟೆಯ ಇಲಾ

ಬೈಂಡಿಂಗ್ ಕಾಕಾ ಪುಸ್ತಕ ಕೈಗೆ ಬಂದ ಕೂಡಲೇ ಮೊದಲು ಹಾಳೆ ಎಣಿಸುತ್ತಿದ್ದರು. ಅದಕ್ಕೆಂದೇ ಎಡಗೈ ಹೆಬ್ಬೆರಳಿನ ಉಗುರು ಬೆಳೆಸಿದ್ದರು. ಆ ಉಗುರಿನಿಂದ ಹಾಳೆ ಸರಿಸುತ್ತ, ಪುಸ್ತಕ ತಂದವರನ್ನು ಎದುರಿಗೇ ನಿಲ್ಲಿಸಿಕೊಂಡು, ಗಟ್ಟಿಯಾಗಿ ಎಣಿಸಬೇಕು. ಲಗೂ ಮಾಡ್ರಿ ಎಂದು ಯಾರಾದರೂ ಅವಸರ ಮಾಡಿದರೆ ಮತ್ತೆ ಒಂದರಿಂದ ಶುರು. "ಎಣಿಸಿ ಇಸ್ಕೊಂಡೇನಿ, ಎಣಿಸಿ ಒಯ್ಯಿರಿ. ಆಮ್ಯಾಗ ಕಾಕಾ ನುಂಗಿದಾ ಅನಬ್ಯಾಡ್ರಿ" ಅನ್ನುವುದು ಅವರ ಮಾತು.

ಅವರ ಹೆಸರು ಗುರಸಿದ್ದಪ್ಪ. ಧಾರವಾಡದ ನಮ್ಮ ಓಣಿಯ ಮೂಲೆಯಲ್ಲಿ ಒಂದು ಮಾಳಿಗೆ ಮೆಟ್ಟಿಲಿನ ಕೆಳಗಿನ ಕೋಣೆಯೇ ಅವರ ಅಂಗಡಿ. ಜೂನ್ ತಿಂಗಳಲ್ಲಿ ಸಾಲಿ ಪುಸ್ತಕಗಳ ಗಂಟು ಹೊತ್ತುಕೊಂಡು ನಾವು ಹುಡುಗರೆಲ್ಲ ಅಲ್ಲಿಗೇ ಹೋಗುತ್ತಿದ್ದೆವು. ಒಳಗೆ ಹೆಜ್ಜೆ ಇಟ್ಟರೆ ಮೈದಾ ಅಂಟಿನ ಹುಳಿ ವಾಸನೆ, ರಟ್ಟಿನ ರಾಶಿ, ನಡುವೆ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಹೊಲಿಯುತ್ತ ಕೂತ ಕಾಕಾ.

ಹೆಬ್ಬಳ್ಳಿಯಿಂದ ರೈತರೊಬ್ಬರು ಒಮ್ಮೆ ಮನೆತನದ ಹಳೆಯ ಪುರಾಣದ ಪುಸ್ತಕ ತಂದಿದ್ದರು. ಎಣಿಸಿ ನೋಡಿದರೆ ಒಂದು ಹಾಳೆ ಇಲ್ಲ. ಇದ್ದಷ್ಟಕ್ಕೇ ರಟ್ಟು ಹಾಕ್ರಿ ಎಂದು ಅವರು ಬೇಡಿಕೊಂಡರೂ ಕಾಕಾ ಒಪ್ಪಲಿಲ್ಲ. "ಹಾಳಿ ಕಳದ ಪುಸ್ತಕಕ್ಕ ರಟ್ಟ ಹಾಕೂದಂದ್ರ ತಲೀ ಇಲ್ಲದಾವಗ ಪಟಗಾ ಸುತ್ತಿದಂಗ" ಅಂದರು. ಮರುದಿನ ಅಂಗಡಿ ಮುಚ್ಚಿ, ಸೈಕಲ್ ಹತ್ತಿ ಹೆಬ್ಬಳ್ಳಿಗೇ ಹೋದರು. ಆ ಮನೆಯ ಮಾಡ, ಟ್ರಂಕು, ಅಟ್ಟ ಎಲ್ಲ ಹುಡುಕಿ, ಕೊನೆಗೆ ಬೆಲ್ಲದ ಡಬ್ಬಿಯ ತಳದಲ್ಲಿ ಹಾಸಿದ್ದ ಆ ಹಾಳೆಯನ್ನು ಇರುವೆ ಸಮೇತ ತಂದರು. ಅಂಥ ಮನುಷ್ಯ! ನಮ್ಮ ಓಣಿಯಲ್ಲಿ ದೇವರ ಮೇಲೆ ಆಣೆ ಮಾಡುವವರಿಗಿಂತ ಕಾಕಾನ ಎಣಿಕೆಯ ಮೇಲೆ ಆಣೆ ಮಾಡುವವರೇ ಹೆಚ್ಚಿದ್ದರು. ನಾನೂ ಅವರಲ್ಲೊಬ್ಬಳು.

ಮ್ಯಾಟ್ರಿಕ್‌ಗೆ ಸಾಲಿ ಬಿಟ್ಟಿದ್ದ ಕಾಕಾ, ಬೈಂಡಿಂಗಿಗೆ ಬಂದ ಡಿಕ್ಷನರಿಗಳನ್ನು ತಿರುವಿ ತಿರುವಿಯೇ ಇಂಗ್ಲಿಷ್ ಕಲಿತವರು. ಓಣಿಯ ವಾಚನಾಲಯದವರು ಹರಿದ ಪುಸ್ತಕಗಳನ್ನು ಅವರ ಬಳಿಗೇ ಕಳಿಸುತ್ತಿದ್ದರು. ಹಾಗೆ ಬಂದದ್ದು 'ಉಪ್ಪಿನ ಕೋಟೆ'. ಐದು ದಪ್ಪ ಇಂಗ್ಲಿಷ್ ಸಂಪುಟಗಳು. ಸಮುದ್ರದ ನಡುವೆ ಉಪ್ಪಿನಿಂದ ಕಟ್ಟಿದ ಕೋಟೆ, ಮಾತಾಡುವ ಗಾಳಿ, ತಾಯಿತಂದೆ ಇಲ್ಲದ ರೋವನ್ ಎಂಬ ಹುಡುಗ, ಅವನ ಗೆಳತಿ ಇಲಾ. ಕೋಟೆಯ ಹೆಬ್ಬಾಗಿಲ ಅಗಳಿ ಕಾಯುವವಳು ಅವಳು. ಕಾಕಾ ಮೊದಲು ತಾವು ಓದಿ, ಆಮೇಲೆ ಹೊಲಿಯುತ್ತ ನಮಗೆ ಹೇಳುತ್ತಿದ್ದರು. ಅವರ ಬಾಯಲ್ಲಿ ಇಲಾ ನಮ್ಮ ಓಣಿಯವಳೇ. "ಅಕೀ ಕಡೆ ನೋಡ್ರೆಲೇ. ಅನ್ನ ಇಲ್ಲ, ನಿದ್ದಿ ಇಲ್ಲ, ಆದ್ರೂ ಅಗಳಿ ಬಿಟ್ಟ ಸರಿಯಂಗಿಲ್ಲ. ನಂಬಿಗಿ ಅಂದ್ರ ಹಿಂಗ ಇರಬೇಕ!"

ನಾಲ್ಕನೇ ಸಂಪುಟದ ಕೊನೆಗೆ ವೈರಿಗಳ ಹಡಗುಗಳು ಕೋಟೆಯ ಬುಡಕ್ಕೆ ಬರುತ್ತವೆ, ಇಲಾ ಒಬ್ಬಳೇ ಬಾಗಿಲ ಹತ್ತಿರ ಹೋಗುತ್ತಾಳೆ. ಅಲ್ಲಿಗೆ ಮುಗಿಯುತ್ತದೆ. ಐದನೆಯದು ಎಷ್ಟೋ ವರ್ಷಗಳ ನಂತರದ ಕಥೆ. ಕೋಟೆ ಬಿದ್ದಿದೆ, ಅವಳಿಲ್ಲ, ಅವಳ ಹೆಸರೆತ್ತಿದರೆ ರೋವನ್ ಎದ್ದು ಹೋಗುತ್ತಾನೆ. ಬಾಗಿಲು ಕಾಯುತ್ತಲೇ ಸತ್ತಳು ಎಂದು ನಾವು ಅತ್ತೆವು. ದೊಡ್ಡವಳಾದ ಮೇಲೆ ವಾಚನಾಲಯದ ಅದೇ ಸಂಪುಟಗಳನ್ನು ನಾನೇ ಮೂರು ಸಲ ಓದಿ, ಮೂರು ಸಲವೂ ಅತ್ತಿದ್ದೇನೆ.

ಮಗಳು ಹುಟ್ಟಿದಾಗ ಇಲಾ ಎಂದೇ ಹೆಸರಿಟ್ಟೆ. ಪುರಾಣದ ಹೆಸರು ಎಂದು ನನ್ನ ಅತ್ತೆಗೆ ಸಂತೋಷ. ನನ್ನ ಪುರಾಣ ಬೇರೆ ಎಂದು ನಾನು ಬಾಯಿ ಬಿಡಲಿಲ್ಲ. ಪೇಡೆ ಒಯ್ದು ಕಾಕಾಗೆ ಹೆಸರು ಹೇಳಿದೆ. ಅವರು ಪೇಡೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಆನಂದಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡೆ.

ಈಗ ಇಲಾಗೆ ಹದಿಮೂರು. ಗೋಕುಲ ರಸ್ತೆಯ ನಮ್ಮ ಮನೆಯಲ್ಲಿ ಶುಕ್ರವಾರ ಬಂದರೆ ಟಿವಿ ಮುಂದೆ ನಾವಿಬ್ಬರೂ ಹಾಜರು. 'ಉಪ್ಪಿನ ಕೋಟೆ' ಟಿವಿ ಸರಣಿಯಾಗಿ, ಕನ್ನಡಕ್ಕೂ ಡಬ್ ಆಗಿ ಬರುತ್ತಿತ್ತು. ಮೂರು ಸೀಸನ್ ತನಕ ನನ್ನ ಮಗಳು ನೆಲದ ಮೇಲೆ ನಡೆಯಲಿಲ್ಲ. ಅವಳ ಕ್ಲಾಸಿನ ಹುಡುಗಿಯರೆಲ್ಲ ನೋಡುವವರೇ, ನಾಯಕಿಯ ಹೆಸರು ಮಾತ್ರ ಇವಳೊಬ್ಬಳದೇ. ವಾಚನಾಲಯದ ಹಳೆಯ ಓದುಗರು ಹನ್ನೊಂದು ಮಂದಿ ಸೇರಿ ವಾಟ್ಸಾಪ್ ಗುಂಪನ್ನೂ ಮಾಡಿಕೊಂಡಿದ್ದೆವು.

ನಾಲ್ಕನೇ ಸೀಸನ್ನಿನ ಕೊನೆಯ ಕಂತಿನಲ್ಲಿ ಇಲಾ ತನ್ನ ಕೈಯಾರೆ ಅಗಳಿ ತೆಗೆದು ವೈರಿಗಳನ್ನು ಒಳಗೆ ಬಿಟ್ಟಳು.

ನಮ್ಮ ಗುಂಪಿಗೆ ಬೆಂಕಿ ಬಿತ್ತು. "ಇದನ್ನ ಬರದಾವನ ಕೈ ಸೇದಿ ಹೋಗ್ಲಿ" ಎಂದು ಶೋಭಾ ಶಾಪ ಹಾಕಿದಳು. ನನ್ನ ಬಾಲ್ಯದ ಗೆಳತಿ ಶೋಭಾ ಬ್ಯಾಂಕಿನಲ್ಲಿ ಮ್ಯಾನೇಜರ್. ಅಂಥವಳು ಅಂದು ಊಟ ಬಿಟ್ಟಳು. ಒಬ್ಬರು ಟಿವಿಯ ಚಂದಾ ರದ್ದು ಮಾಡಿದರು. ನಾನು ಇಂಟರ್ನೆಟ್ಟಿನಲ್ಲಿ ಹೋಗಿ, ಮೂಲ ಕಾದಂಬರಿಗೆ ಹೀಗೆ ದ್ರೋಹ ಬಗೆಯಲು ನಿಮಗೆ ನಾಚಿಕೆಯಾಗಬೇಕು, ಮೂರು ಸಲ ಓದಿದ್ದೇನೆ, ಎಲ್ಲಿಯೂ ಇಲಾ ಬಾಗಿಲು ತೆಗೆಯುವುದಿಲ್ಲ ಎಂದು ಉದ್ದಕ್ಕೆ ಬರೆದೆ. ಬಂದ ಉತ್ತರಗಳೆಲ್ಲ ನಗು. ಯಾವ ಪುಸ್ತಕ ಓದಿದ್ದೀರಿ ತಾಯಿ ಎಂದು ಕೇಳಿದರು. ಸರಣಿಯಲ್ಲಿ ಇದೊಂದೇ ಕಂತು ಪುಸ್ತಕಕ್ಕೆ ನಿಷ್ಠವಾಗಿದೆ ಎಂದು ಜಗತ್ತೆಲ್ಲ ಹೊಗಳುತ್ತಿತ್ತು. ಮೋಸವಾಯಿತು ಎಂದು ಬೊಬ್ಬೆ ಹಾಕುತ್ತಿದ್ದವರು ನಾವು ಹನ್ನೊಂದು ಮಂದಿ ಧಾರವಾಡದವರು ಮಾತ್ರ. ಕೊನೆಗೆ ಯಾರೋ ಒಬ್ಬರು ಆ ಪುಟಗಳ ಫೋಟೋ ಹಾಕಿದರು.

ವಾಚನಾಲಯಕ್ಕೆ ಓಡಿದೆ. ನಾಲ್ಕನೇ ಸಂಪುಟ ತೆಗೆದು ಎಣಿಸಿದೆ, ಇಪ್ಪತ್ತೆರಡು ಅಧ್ಯಾಯ. ಪರಿವಿಡಿಯಲ್ಲೂ ಇಪ್ಪತ್ತೆರಡೇ. ಅದರ ಕೆಳಗೆ ವಾಚನಾಲಯದ ಸೂಚನಾ ಚೀಟಿ ಅಂಟಿಸಿತ್ತು: 'ಪುಸ್ತಕದ ಹಾಳೆಗಳನ್ನು ಹರಿಯಬಾರದು'. ಬೇರೆಲ್ಲ ಪುಸ್ತಕಗಳಲ್ಲಿ ಈ ಚೀಟಿ ರಟ್ಟಿನ ಒಳಮೈಗೆ ಇರುತ್ತದೆ. ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಚೀಟಿಯ ಅಡಿಯಲ್ಲಿ ಇಪ್ಪತ್ತಮೂರನೆಯ ಅಧ್ಯಾಯದ ಹೆಸರು ಕಾಣಿಸಿತು. ಬೈಂಡಿಂಗ್ ಮಾತ್ರ ಎಂದಿನಂತೆ ಅಚ್ಚುಕಟ್ಟು, ಹರಿದ ಗುರುತು ಎಲ್ಲಿಯೂ ಇಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಮನೆಯಲ್ಲಿ ಇಲಾ ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದಳು. "ಇಲಾ ಬಂದ್ಲು, ಊಟದ ಡಬ್ಬಿ ಮುಚ್ಚಿಡ್ರಿ" ಎಂದು ಕ್ಲಾಸಿನಲ್ಲಿ ಕಾಡುತ್ತಿದ್ದರಂತೆ. ಮೂರನೆಯ ದಿನ ಅವಳೇ ಬಾಯಿ ಬಿಟ್ಟಳು.

"ಮಮ್ಮಿ, ಖರೇ ಹೇಳು. ಗೊತ್ತಿದ್ದೂ ಈ ಹೆಸರ ಇಟ್ಟಿಯೇನ?"

"ನಿನ್ನಾಣಿ ಇಲ್ಲವ್ವಾ. ನಮಗ ಹೇಳಿದ ಕಥೀನ ಬ್ಯಾರೆ ಇತ್ತು."

"ಪುಸ್ತಕ ಓದೇನಂತಿದ್ದಿ. ಮೂರ ಸಲಾ."

ನನ್ನ ಮಾತನ್ನು ನನ್ನ ಮಗಳೇ ನಂಬದ ಹಾಗಾಯಿತು. ಕಾಕಾ ತಮ್ಮ ಬಾಯಿಂದಲೇ ಅವಳಿಗೆ ಹೇಳಲಿ ಎಂದು ಭಾನುವಾರ ಸ್ಕೂಟರ್ ಮೇಲೆ ಕೂರಿಸಿಕೊಂಡು ಲಕಮನಹಳ್ಳಿಗೆ ಹೊರಟೆ. ಇಲಾ ಅದೇ ವಾರ ಕೊಂಡ ನಾಲ್ಕನೇ ಸಂಪುಟದ ಹೊಸ ಪ್ರತಿಯನ್ನು ಎದೆಗವಚಿಕೊಂಡು ಹಿಂದೆ ಕೂತಿದ್ದಳು.

ಕಾಕಾ ಆಗ ಅಲ್ಲಿ ತಮ್ಮ ಅಣ್ಣನ ಮಗನ ಜೊತೆ ಇದ್ದರು. ಅವನದು ರಟ್ಟಿನ ಡಬ್ಬಿ ಮಾಡುವ ಕಾರಖಾನೆ. ಕಣ್ಣು ಸಾಕಷ್ಟು ಮಂಜಾಗಿದ್ದರೂ ಡಬ್ಬಿಗಳ ಮಡಿಕೆಯನ್ನು ಉಗುರಿನಿಂದ ತಡವಿ, ಸೊಟ್ಟಗಿದ್ದದ್ದನ್ನು ಹೊರಗೆ ಎಸೆಯುತ್ತ ಕೂತಿದ್ದರು. ಕ್ಷೇಮ ಕೇಳುವ ತಾಳ್ಮೆ ನನಗಿರಲಿಲ್ಲ.

"ಕಾಕಾ, ನಾಕನೇ ಪುಸ್ತಕದ ಕಡೀ ಅಧ್ಯಾಯ ಎಲ್ಲಿ?"

ಅವರು ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟರು. "ನಾನ ಕಿತ್ತೇನಿ."

"ಹಾಳಿ?"

"ಒಲಿಗೆ ಹಾಕಿ ಅಂಟ ಕುದಿಸಿದೆ. ಅದ ಅಂಟಿಲೇ ಆ ಪುಸ್ತಕಾ ಕಟ್ಟಿದೆ."

"ಒಂದ ಹಾಳೀ ಸಲುವಾಗಿ ಹೆಬ್ಬಳ್ಳಿ ತನಕಾ ಸೈಕಲ್ ತುಳದಾವ್ರು ನೀವು! ಯಾಕ್ರಿ?"

"ಅಕಿ ಅಂಥಾಕಿ ಅಲ್ಲ" ಅಂದರು ಕಾಕಾ. ನೆರೆಮನೆಯ ಹುಡುಗಿಯ ಮೇಲೆ ಬಂದ ಅಪವಾದವನ್ನು ತಳ್ಳಿಹಾಕುವ ದನಿ. "ನಾಕ ಪುಸ್ತಕ ಅಕೀ ಜೋಡಿ ನಡದೇನಿ ನಾ. ಬರದಾವ ನಡಬರಕ ಕೈ ಬಿಟ್ಟಾ. ನನಗಾದ ಮೋಸ ನಿಮಗ್ಯಾಕ ಅಂತ ಕಿತ್ತೆ."

"ಆಮ್ಯಾಗರ ಹೇಳಬೇಕಿತ್ತಲ್ರಿ?"

"ನೀ ಪೇಡೆ ತಂದಿದ್ದೆಲ್ಲ, ಅವತ್ತ ತುಟೀತನಕಾ ಬಂದಿತ್ತು. ಬಾಣಂತಿ, ನಕ್ಕೊಂತ ನಿಂತಿದ್ದಿ. ಪೇಡೆ ಬಾಯಾಗ ಹಾಕ್ಕೊಂಡ ಸುಮ್ನಾದೆ."

ಹಾಳೆ ಕಿತ್ತದ್ದನ್ನು ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ಪೇಡೆಯನ್ನು ಮಾತ್ರ ನುಂಗಿಕೊಳ್ಳಲು ಆಗಲಿಲ್ಲ. ಒಂದು ಮಾತು, ಒಂದೇ ಒಂದು ಮಾತು ಅಂದು ಆಡಿದ್ದರೆ ನನ್ನ ಕೂಸಿನ ಹೆಸರು ಬದಲಿಸುತ್ತಿದ್ದೆ. ನನ್ನ ಕಣ್ಣಲ್ಲಿ ನೀರು ಬಂದದ್ದು ದುಃಖಕ್ಕಲ್ಲ, ಸಿಟ್ಟಿಗೆ.

ಇಲಾ ಅವರ ಹತ್ತಿರ ಹೋಗಿ ಕೂತಳು. "ಅಜ್ಜಾರ, ನೀವು ಆ ಅಧ್ಯಾಯ ಪೂರಾ ಓದಿದ್ರೇನು?"

"ಇಲ್ಲವ್ವಾ. ಅಕಿ ಅಗಳಿಗೆ ಕೈ ಹಚ್ಚಿದ್ಲು, ಅಲ್ಲಿಗೇ ಬಿಟ್ಟೆ."

ಇಲಾ ಪುಸ್ತಕ ತೆಗೆದು, ಅಲ್ಲಿಂದಲೇ ಒಂದೊಂದು ಸಾಲು ಓದಿ ಕನ್ನಡದಲ್ಲಿ ಹೇಳತೊಡಗಿದಳು. ಅಗಳಿ ಸರಿಯಿತು, ಹಡಗಿನವರು ಒಳಗೆ ಬಂದರು, ಮಲಗಿದ್ದವರು ಮಲಗಿದಲ್ಲೇ ಸತ್ತರು. "ಸಾಕವ್ವಾ, ಸಾಕ ಮಾಡು" ಎಂದು ಕಾಕಾ ಕೈ ಮುಂದೆ ಮಾಡಿದರು. ಅವಳು ನಿಲ್ಲಿಸಲಿಲ್ಲ. ಕೊನೆಯ ಸಾಲಿನ ತನಕ ಓದಿಯೇ ಪುಸ್ತಕ ಕೆಳಗಿಟ್ಟಳು.

ಕಾಕಾ ಕೇಳಿದರು. "ಯಾಕ ತಗದ್ಲಂತ?"

"ಬರದಿಲ್ರಿ ಅಜ್ಜಾರ."

"ಸರೀತ್ನಾಗಿ ನೋಡು. ಹಿಂದ ಮುಂದ ನೋಡು."

"ನೋಡೇನ್ರಿ. ಯಾಕಂತ ಎಲ್ಲೂ ಬರದಿಲ್ಲ."

ಅವರು ಪುಸ್ತಕವನ್ನು ಎಳೆದುಕೊಂಡು, ಕಾಣದ ಕಣ್ಣಿನಿಂದಲೇ ಹಾಳೆ ಎಣಿಸತೊಡಗಿದರು. ನಾವು ಎದ್ದು ಬಂದೆವು. ಹೋಗಿ ಬರ್ತೇನ್ರಿ ಎಂದು ಕೂಡ ನಾನು ಹೇಳಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಕಾಕಾ ಹೋದರು. ಮಣ್ಣಿಗೆ ನಾನು ಹೋಗಲಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನನಗೆ ಇತ್ತು, ಈಗಲೂ ಇದೆ. ಇಲಾ ಮಾತ್ರ ಶೋಭಾಳ ಜೊತೆ ಹೋಗಿ ಬಂದಳು. ಸ್ನಾನ ಮಾಡಿ, ತಲೆ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಮಮ್ಮಿ, ಅಲ್ಲೊಬ್ಬ ಮುದುಕಿ ನನ್ನ ಹೆಸರ ಕೇಳಿದ್ರು."

"ಏನಂದಿ?"

"ಇಲಾ ಅಂದೆ. ನಮ್ಮ ಗುರಸಿದ್ದಪ್ಪ ಹೇಳ್ತಿದ್ನಲ, ಆ ಬಾಗಲಾ ಕಾಯಾಕೀನ ಏನ ನೀ ಅಂದ್ರು."

"ಮತ್ತ?"

"ಇಲ್ರಿ, ಬಾಗಲಾ ತಗದಾಕಿ ಅಂದೆ."