ಟ್ಯಾಂಕಿನಲ್ಲಿ ಬಲೆಯ ಸೀಸ

ನಿಮ್ಮ ಅಜ್ಜನ ಕಾರಿನಲ್ಲಿ ನೀವೆಲ್ಲ ಕುಳಿತು ಹಾರ್ನ್ ಒತ್ತಿದ್ದೀರಿ. ಅದರ ಹೊಟ್ಟೆಯೊಳಗೆ ಏನಾಗಿತ್ತೆಂದು ಮಾತ್ರ ನಿಮಗೆ ಯಾರೂ ಸರಿಯಾಗಿ ಹೇಳಿಲ್ಲ. ನಿಮ್ಮ ಚಿಕ್ಕಜ್ಜ, ಅಂದರೆ ನನ್ನ ಮೈದುನ, ಅಂಕೋಲೆಯ ಚಾ ಅಂಗಡಿಯಲ್ಲಿ ಹೇಳುವ ಕತೆಯೇ ಬೇರೆ. ನಾನು ನಾಲ್ಕು ಜನರೆದುರು ಮಾತನಾಡಿ ರೂಢಿಯಿದ್ದವಳಲ್ಲ, ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತವಳು. ಬರೆಯುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಕಾರು ನನ್ನ ಮದುವೆಗಿಂತ ಹಳೆಯದು. ಅದು ತಯಾರಾದ ಕಾಲದಲ್ಲಿ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಎಂಜಿನ್ನಿನ ಒಳಗೆ ಹೊಗೆ ಹೊರಹೋಗುವ ಪುಟ್ಟ ಬಾಗಿಲುಗಳಿವೆ, ಅವಕ್ಕೆ ವಾಲ್ವು ಎನ್ನುತ್ತಾರೆ. ಎಂಜಿನ್ ತಿರುಗಿದಂತೆಲ್ಲ ಅವು ತೆರೆದು ಮುಚ್ಚುತ್ತವೆ. ವಾಲ್ವು ಬಂದು ಕೂರುವ ಅಂಚಿನ ಮೇಲೆ ಆ ಸೀಸ ತೆಳ್ಳಗೆ ಅಂಟಿಕೊಂಡು ಮೆತ್ತೆಯಂತೆ ಇರುತ್ತಿತ್ತು. ಗಾಳಿ ಕೆಡುತ್ತದೆಂದು ಸರ್ಕಾರ ಸೀಸ ನಿಲ್ಲಿಸಿತು, ಮೆತ್ತೆಯೂ ಹೋಯಿತು. ಈಗ ಜೋರಾಗಿ ಓಡಿಸಿದರೆ ವಾಲ್ವು ಅಂಚನ್ನು ಕುಟ್ಟಿ ಕುಟ್ಟಿ ಸವೆಸಿ ಒಳಗೆ ಇಳಿಯುತ್ತದೆ. ಅದರ ತುದಿಯಲ್ಲಿರಬೇಕಾದ ಸಂದು ಕಿರಿದಾಗುತ್ತ ಬಂದು, ಕೊನೆಗೆ ಬಾಗಿಲು ಪೂರ್ತಿ ಮುಚ್ಚುವುದೇ ಇಲ್ಲ.

ಇದನ್ನೆಲ್ಲ ನನಗೆ ಹೇಳಿದ್ದು ನಿಮ್ಮ ಅಜ್ಜ. ಅವರು ನಲವತ್ತರ ವೇಗ ದಾಟಿದವರಲ್ಲ. ತಿಂಗಳಿಗೊಂದು ಭಾನುವಾರ ಎಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿ, ಆ ಸಂದಿಗೆ ಉಕ್ಕಿನ ತೆಳು ಪಟ್ಟಿ ತೂರಿಸಿ ನೋಡುತ್ತಿದ್ದರು. ಅವರ ಕೈ ನಡುಗಲು ಶುರುವಾದ ಮೇಲೆ ಪಟ್ಟಿ ನನ್ನ ಕೈಗೆ ಬಂತು. "ಬಿಗೀನೋ, ಸಡಿಲೋ?" ಎಂದು ಅವರು ಕೇಳುವುದು, ನಾನು ಹೇಳುವುದು. ಇಬ್ಬರೂ ಮಾತು ಕಡಿಮೆಯವರು. ನಮ್ಮ ಸಂಸಾರದ ಮುಕ್ಕಾಲು ಮಾತು ಆ ಎಂಜಿನ್ನಿನ ಮೇಲೆ ಬಗ್ಗಿಕೊಂಡೇ ನಡೆಯಿತು.

ಅವರು ಹೋದ ಮೇಲೆ ಕಾರು ಮೈದುನನ ಕೈಗೆ ಬಂತು. ಹೆದ್ದಾರಿ ಅಗಲವಾಗಿತ್ತು, ಅವನೂ ನೌಕರಿಯಿಂದ ನಿವೃತ್ತನಾಗಿದ್ದ. "ಅಣ್ಣ ಇದನ್ನ ಎತ್ತಿನ ಗಾಡಿ ಮಾಡಿಟ್ಟಿದ್ದ" ಎಂದು ಅವರ್ಸಾದಿಂದ ಕಾರವಾರಕ್ಕೆ ಎಂಬತ್ತರಲ್ಲಿ ಬಿಟ್ಟ. ಕೆಲವೇ ತಿಂಗಳಲ್ಲಿ ಕಾರು ಬೆಳಗ್ಗೆ ಸ್ಟಾರ್ಟ್ ಆಗಲು ಕೊಸರಾಡಿತು, ಬಿಣಗಾ ಏರಿನಲ್ಲಿ ಏದುಸಿರು ಬಿಟ್ಟಿತು. ನಾನು ಒಬ್ಬಳೇ ಶೆಡ್ಡಿಗೆ ಹೋಗಿ ಪಟ್ಟಿ ತೂರಿಸಿ ನೋಡಿದೆ. ಎರಡು ವಾಲ್ವಿಗೆ ಅದು ಹೋಗಲೇ ಇಲ್ಲ. ಕೈ ತೊಳೆದು ಬಂದು ಎಲ್ಲರಿಗೂ ಊಟ ಬಡಿಸಿದೆ. ಹೇಳಲಿಲ್ಲ.

ಅಷ್ಟರಲ್ಲಿ ದೇವಬಾಗದಲ್ಲಿ ಹೋಂಸ್ಟೇ ನಡೆಸುವವರೊಬ್ಬರು ಕಾರು ನೋಡಲು ಬಂದರು. ಎಂಜಿನ್ ತೆಗೆದು ಅಲ್ಲಿ ಹೂವಿನ ಕುಂಡ ಇಡುತ್ತಾರಂತೆ, ಬಂದವರು ಫೋಟೋ ತೆಗೆಸಿಕೊಳ್ಳುತ್ತಾರಂತೆ. ಮೈದುನ ತೀರ್ಪು ಕೊಟ್ಟ: ಬರುವ ಭಾನುವಾರ ಬಿಣಗಾ ಏರು ಹತ್ತಿದರೆ ಕಾರು ಮನೆಗೆ, ಇಲ್ಲದಿದ್ದರೆ ದೇವಬಾಗಕ್ಕೆ.

ಶನಿವಾರ ಸಂಜೆ ಜಗಲಿಯಲ್ಲಿ ಕಾರಿನ ವೈದ್ಯರ ಸಭೆ ಸೇರಿತು. ಮೈದುನ ಮತ್ತು ಮೀನುಗಾರಿಕೆ ಮಾಡುವ ನೆರೆಯವ, ಇಬ್ಬರೇ. ಸದ್ದು ಮಾತ್ರ ಇಪ್ಪತ್ತು ಜನರದ್ದು.

"ಸೀಸ ಇಲ್ಲದಿದ್ರೆ ಹಾಕಿದ್ರಾಯ್ತಲ್ಲ ಮಾರಾಯ," ಎಂದ ನೆರೆಯವ. "ಬಲೆಗೆ ಕಟ್ಟೂ ಸೀಸದ ಗುಂಡು ನಮ್ಮನೇಲಿ ಬುಟ್ಟಿಗಟ್ಲೆ ಬಿದ್ದದೆ."

"ಎಷ್ಟು ಹಾಕೂದು?"

"ದೊಡ್ಡ ರಂಪಣಿ ಬಲೆಗೆ ಹಾಕ್ದಷ್ಟು ಬೇಡ. ಸಣ್ಣ ಬೀಸುಬಲೆಯ ಲೆಕ್ಕ ಸಾಕು."

"ಅದು ಕರಗ್ತದ್ಯೋ?" ನಾನು ಚಾ ಕೊಡುತ್ತ ಮೆಲ್ಲಗೆ ಕೇಳಿದೆ.

"ವೈನಿ, ಪೆಟ್ರೋಲಲ್ಲಿ ಎಂತದೂ ಕರಗ್ತದೆ," ಎಂದ ಮೈದುನ. "ಮೊದ್ಲು ಈ ಚಾಕ್ಕೆ ಸಕ್ರೆ ಹಾಕಿ."

ನೆರೆಯವನ ಅಪ್ಪನ ಕಾಲದಿಂದ ಉಪ್ಪುನೀರಿನಲ್ಲಿ ಮುಳುಗೆದ್ದ ಗುಂಡುಗಳು ಅವು. ಸಮುದ್ರಕ್ಕೆ ಕರಗಿಸಲಾಗದ್ದನ್ನು ಕರಗಿಸುವ ಕೆಲಸ ನಮ್ಮ ಟ್ಯಾಂಕಿನ ಪಾಲಿಗೆ ಬಂತು.

ಭಾನುವಾರ ಹೊರಟೆವು. ಮುಂದೆ ಅವರಿಬ್ಬರು, ಹಿಂದೆ ನಾನು. ತಿರುವು ಬಂದಾಗಲೆಲ್ಲ ನನ್ನ ಬೆನ್ನ ಹಿಂದೆ ಗುಂಡುಗಳು ಗಡಗಡ ಉರುಳುತ್ತಿದ್ದವು.

"ಕೇಳ್ತಾ ವೈನಿ?" ಎಂದ ಮೈದುನ. "ಸೀಸ ಕೆಲ್ಸ ಮಾಡ್ತಾ ಉಂಟು."

ಬಿಣಗಾ ಏರಿನ ಅರ್ಧಕ್ಕೆ ಕಾರು ಎರಡು ಸಲ ಕೆಮ್ಮಿ ನಿಂತಿತು. ಇಬ್ಬರೂ ಇಳಿದು ಬಾನೆಟ್ ಎತ್ತಿದರು.

"ಇನ್ನೊಂದು ಮುಷ್ಟಿ ಹಾಕ್ಬೇಕಿತ್ತು," ಎಂದ ನೆರೆಯವ.

ಮೈದುನ ಫೋನ್ ತೆಗೆದು, "ದೇವಬಾಗದವ್ರಿಗೆ ಟೆಂಪೋ ಕಳ್ಸಿ ಅಂತ ಹೇಳ್ತೆ," ಎಂದ.

ನಾನೂ ಇಳಿದೆ. "ಹೇಳೂದು ಬೇಡ," ಎಂದೆ. "ಹೊಗೆ ಬದಿ ಎರಡು ವಾಲ್ವಿಗೆ ಸಂದೇ ಇಲ್ಲ. ನಾ ಪಟ್ಟಿ ಹಾಕಿ ನೋಡಿದ್ದೆ. ಸೀಸ ಹಾಕಿ ಆಗೂದಲ್ಲ ಅದು. ಎಂಜಿನ್ ತಲೆ ಬಿಚ್ಸಿ, ಅಂಚಿಗೆ ಗಟ್ಟಿ ಉಕ್ಕಿನ ಬಳೆ ಕೂರಿಸ್ಬೇಕು. ಆಮೇಲೆ ಸೀಸ ಇಲ್ಲದ ಪೆಟ್ರೋಲೂ ಆಗ್ತದೆ."

ಮೈದುನ ಫೋನನ್ನು ಕಿಸೆಗೆ ಹಾಕಿದ. ಆಮೇಲೆ, "ಅದ್ನೇ ನಾ ಹೇಳೂಕೆ ಹೊರಟಿದ್ದೆ," ಎಂದ.

ಕಾರನ್ನು ಕಾರವಾರದ ಗ್ಯಾರೇಜಿಗೆ ಎಳೆಸಿದೆವು. ಮಿಸ್ತ್ರಿ ಮೊದಲು ಟ್ಯಾಂಕ್ ಬರಿದು ಮಾಡಿ, ಗುಂಡುಗಳನ್ನು ಒರೆಸಿ ಮೈದುನನ ಅಂಗೈಗೆ ಹಾಕಿದ.

"ಸಾಯ್ಬ್ರೆ, ಮೀನು ಎಷ್ಟು ಬಿತ್ತು?"

ನೆರೆಯವ ರಸ್ತೆ ನೋಡತೊಡಗಿದ. ಎಂಜಿನ್ ತಲೆ ಬಿಚ್ಚಿದಾಗ ಆ ಎರಡು ವಾಲ್ವು ಹಲ್ಲು ಬಿದ್ದ ಬಾಯಿಯ ತುಟಿಗಳಂತೆ ಒಳಸರಿದಿದ್ದವು. ಬಳೆ ಕೂರಿಸಿ ಮುಗಿಸುವ ದಿನವೂ ನಾವು ಹೋದೆವು. ಸಂದು ಎಷ್ಟಿಡಬೇಕೆಂದು ಮಿಸ್ತ್ರಿ ಮೈದುನನನ್ನು ಕೇಳಿದ. ಮೈದುನ ನನ್ನ ಮುಖ ನೋಡಿದ, ನಾನು ಹೇಳಿದೆ, ಅದನ್ನೇ ಅವನು ದೊಡ್ಡ ಸ್ವರದಲ್ಲಿ ಮಿಸ್ತ್ರಿಗೆ ಹೇಳಿದ. ಮೂರು ಪ್ರಶ್ನೆ ಹೀಗೇ ನಡೆದ ಮೇಲೆ ಮಿಸ್ತ್ರಿ ನನ್ನ ಕಡೆ ಒಂದು ಸ್ಟೂಲು ತಳ್ಳಿದ.

"ಅಮ್ಮ, ನೀವು ಇಲ್ಲೇ ಕೂತ್ಕಳಿ. ಅವ್ರು ಚಾ ಕುಡಿದು ಬರ್ಲಿ."

ವಾಪಸು ಬರುವಾಗ ಕಾರು ಬಿಣಗಾ ಏರನ್ನು ಒಂದೇ ಉಸಿರಿಗೆ ಹತ್ತಿತು. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ದೇವಬಾಗದವರ ಫೋನು ಬಂತು. ಮೈದುನ ಹೆಸರು ನೋಡಿ, ಫೋನನ್ನೇ ನನ್ನ ಕೈಗೆ ಕೊಟ್ಟ.

"ಟೆಂಪೋ ಯಾವಾಗ ಕಳಸೂದು?"

"ಕಳಸೂದು ಬೇಡ. ಕಾರು ಕೊಡೂದಿಲ್ಲ."

"ಯಾರು ಮಾತಾಡೂದು?"

"ಕಾರಿನವಳು," ಎಂದೆ. ಎಲ್ಲಿ ಒತ್ತಿದರೆ ಫೋನ್ ನಿಲ್ಲುತ್ತದೆಂದು ತಿಳಿಯಲಿಲ್ಲ. ಹಾಗೇ ಮೈದುನನ ಕೈಗೆ ಕೊಟ್ಟು ಒಳಗೆ ಹೋಗಿ ಒಂದು ಚೊಂಬು ನೀರು ಕುಡಿದೆ.