ತೊಳಸುವುದು, ತೊಳೆಸುವುದು

ಬಾಗಿಲ ಮೇಲೆ ಟೇಪಿನ ನಾಲ್ಕು ಚೂರುಗಳಿದ್ದವು. ಅವು ಹಿಡಿದಿದ್ದ ಹಾಳೆ ಇರಲಿಲ್ಲ. ಲಂಡನ್ನಿನ ಇಲ್ಫರ್ಡ್ ಬಡಾವಣೆಯ ಕುಟುಂಬ ವೈದ್ಯರ ಕ್ಲಿನಿಕ್ಕಿನಲ್ಲಿ ನಾನು ರೋಗಿಗಳನ್ನು ನೋಡುವ ಕೋಣೆಯ ಬಾಗಿಲದು. ‘ಮೊದಲು ಒಬ್ಬರೇ ಒಳಗೆ ಬನ್ನಿ’ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಅಂಟಿಸಿದ್ದೆ. ನನ್ನ ಕೈಬರಹದಲ್ಲಿ ‘ಒಬ್ಬರೇ’ ಎಂಬುದನ್ನು ‘ಒಬ್ಬಟ್ಟು’ ಎಂದು ಓದಿ ನಕ್ಕವರಿದ್ದಾರೆ. ಆದರೆ ಕಿತ್ತದ್ದು ಅದಕ್ಕಲ್ಲ. ಜೊತೆಗೆ ಬಂದವರಿಗೆ ಅವಮಾನವಾಗುತ್ತದೆಂದು ದೂರು ಬಂದಿದೆ ಎಂದರು ಮ್ಯಾನೇಜರ್.

ಆ ಸಾಲು ಹುಟ್ಟಿದ್ದು ನಾನಿನ್ನೂ ತರಬೇತಿಯಲ್ಲಿದ್ದಾಗ, ಬೇರೊಂದು ಕ್ಲಿನಿಕ್ಕಿನಲ್ಲಿ. ಕುಂದಾಪುರದ ಕಡೆಯ ಗರ್ಭಿಣಿಯೊಬ್ಬರು ನಾದಿನಿಯೊಂದಿಗೆ ಬಂದಿದ್ದರು. ಇಷ್ಟು ಹೇಳಿದರೆ ಗುರುತು ಹತ್ತುವುದಿಲ್ಲ. ಇಲ್ಲಿ ಕುಂದಾಪುರದವರಿಗೇನು ಬರ!

“ನಂಗೆ ಹೊಟ್ಟಿ ತೊಳ್ಸ್ಕಣ್ಕ್ ಡಾಕ್ಟ್ರೆ,” ಎಂದರು ಆಕೆ, ನೆಲ ನೋಡುತ್ತ. ಲಂಡನ್ನಿನಲ್ಲೇ ಬೆಳೆದ ನಾದಿನಿ, ನನಗೆ ತರಬೇತಿ ಕೊಡುತ್ತಿದ್ದ ಹಿರಿಯ ವೈದ್ಯರಿಗೆ ಇಂಗ್ಲಿಷಿನಲ್ಲಿ ವಿವರಿಸಿದಳು: ಅತ್ತಿಗೆಗೆ ಹೊಟ್ಟೆ ತೊಳಸುತ್ತದೆ, ವಾಂತಿಗೆ ಮಾತ್ರೆ ಕೊಡಿ.

ನಿಮಗೆ ಗೊತ್ತು. ಹೊಟ್ಟೆ ತೊಳಸಿದರೆ ಓಕರಿಕೆ. ತೊಳೆಸಿಕೊಂಡರೆ ಗರ್ಭವೇ ಇಲ್ಲ. ಆಕೆಯ ‘ತೊಳ್ಸ್ಕಣ್ಕ್’ ಎಂದರೆ ತೊಳೆಸಿಕೊಳ್ಳಬೇಕು ಎಂದು. ನಾದಿನಿಯದು ತಪ್ಪೋ ಜಾಣತನವೋ, ಇಂದಿಗೂ ತಿಳಿಯದು. ಮೈಸೂರಿನವರಾದ ಹಿರಿಯ ವೈದ್ಯರಿಗಂತೂ ಅರ್ಥವಾಗಿತ್ತು. ಆದರೂ ಮಾತ್ರೆ ಬರೆಯತೊಡಗಿದರು. ಅವರನ್ನು ಪಕ್ಕಕ್ಕೆ ಕರೆದೆ.

“ಸರ್, ಅವರು ಕೇಳಿದ್ದು ಅದಲ್ಲ.”

“ಗೊತ್ತಮ್ಮ, ನನಗೂ ಕನ್ನಡ ಬರುತ್ತೆ. ನನ್ನ ಮನಸ್ಸು ಒಪ್ಪಲ್ಲ. ಯುಗಾದಿ ಊಟಕ್ಕೆ ಇವರ ಮನೆಯೋರ ಪಕ್ಕದಲ್ಲೇ ಕೂರೋನು ನಾನು.”

“ಒಪ್ಪದಿದ್ರೆ ಬೇಡ ಸರ್. ಬೇರೆ ಡಾಕ್ಟರ ಹತ್ರ ಕಳಿಸ್ಬೇಕಲ್ಲ?”

“ನೀನೇನು ಡಾಕ್ಟರೋ, ಲಾಯರೋ?”

ಒಪ್ಪದಿರುವ ಹಕ್ಕು ವೈದ್ಯರಿಗಿದೆ. ಕೇಳಿಸಿದ್ದನ್ನು ಕೇಳಿಸಲಿಲ್ಲವೆನ್ನುವ ಹಕ್ಕನ್ನು ಯಾರು ಕೊಟ್ಟರು? ಸಭೆಯಲ್ಲಿ ಬಾಯಿ ಬಿಡದವಳು, ಕೋಟಿನ ಮೇಲೆ ಹೆಸರಿನ ಬಿಲ್ಲೆ ಹಾಕಿಕೊಳ್ಳಲೂ ಹಿಂಜರಿಯುವವಳು ನಾನು. ಅಂದು ನಾದಿನಿಗೆ ಹೊರಗೆ ಕೂರಲು ಹೇಳಿ, ಅತ್ತಿಗೆಯನ್ನಷ್ಟೇ ಪಕ್ಕದ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದೆ.

“ನೀವ್ ಬೈತ್ರ್ಯಾ?”

“ಇಲ್ಲ. ಇದು ನಿಮ್ಮದೇ ನಿರ್ಧಾರವಾ?”

ಆಕೆ ಮೊದಲ ಬಾರಿಗೆ ತಲೆಯೆತ್ತಿದರು. “ನಂದೇ. ಮತ್ಯಾರ್ದ್?”

ಎಲ್ಲಿಗೆ ಹೋಗಬೇಕು, ಏನಾಗುತ್ತದೆ, ಬೇಡವೆನಿಸಿದರೆ ಎಲ್ಲಿಯವರೆಗೆ ಹಿಂದೆ ಸರಿಯಬಹುದು, ಎಲ್ಲವನ್ನೂ ಹೇಳಿದೆ. ಅದನ್ನು ಮಾಡುವ ಆಸ್ಪತ್ರೆಗೆ ಆಕೆಯ ಎದುರೇ ಫೋನ್ ಮಾಡಿದೆ. ಹಿರಿಯರು ಆಮೇಲೆ ನನ್ನೊಂದಿಗೆ ಕನ್ನಡ ಮಾತಾಡಲಿಲ್ಲ, ಬೈಯುವುದಕ್ಕೂ ಇಂಗ್ಲಿಷೇ.

ನಿನ್ನೆ ಆ ಟೇಪಿನ ಚೂರುಗಳನ್ನು ಉಗುರಿನಿಂದ ಕೆರೆಯುತ್ತಿದ್ದಾಗ ಇದೆಲ್ಲ ನೆನಪಾಯಿತು. ಅಂಟು ಹೋಗಲೇ ಇಲ್ಲ.

ಇಂದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದೆ. ಹೊಸ ಹಾಳೆಯಲ್ಲಿ ಅದೇ ಸಾಲನ್ನು, ಒಬ್ಬಟ್ಟಾಗದಂತೆ, ದಪ್ಪಕ್ಷರದಲ್ಲಿ ಬರೆದೆ. ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಅಂಟಿಸಿದೆ.